ಮುಟ್ಟಬ್ಯಾಡ ಎಂದ ಪುಟ

ಕಳೆದ ತಿಂಗಳು ನಮ್ಮ ಆಫೀಸಿನಲ್ಲಿ, ನನಗೆ ಕೆಲಸ ಕಲಿಸಿದ ಸರ್ ಅವರಿಗೆ ಶ್ರದ್ಧಾಂಜಲಿ ಸಭೆ ಇತ್ತು. ಸಭೆ ಎಂದರೆ ಹನ್ನೊಂದು ಜನ, ಒಂದು ಫೋಟೊ, ಫೋಟೊ ಮುಚ್ಚಿಹೋಗುವಷ್ಟು ದೊಡ್ಡದೊಂದು ಹಾರ, ಕೆಳಗಿನ ಖಾನಾವಳಿಯಿಂದ ಮೆಟ್ಟಿಲು ಹತ್ತಿ ಬರುವ ಝುಣಕದ ವಾಸನೆ. ಮಾಲಕರು ತಮ್ಮ ಮಾತು ಮುಗಿಸಿ, "ಇನ್ನ ಅವರ ಖಾಸಾ ಶಿಷ್ಯರು ಎರಡು ಮಾತು ಹೇಳ್ತಾರ" ಎಂದು ನನ್ನ ಕಡೆ ಕೈ ಮಾಡಿದರು. ಎದ್ದು ನಿಂತೆ. ಅಂಗಿಯ ಕಿಸೆಯಲ್ಲಿ ಬರೆದುಕೊಂಡು ಬಂದ ಚೀಟಿ ಇತ್ತು. ಅದು ಕಳೆದರೆ ಇರಲಿ ಎಂದು ಪ್ಯಾಂಟಿನ ಕಿಸೆಯಲ್ಲಿ ಅದರ ನಕಲೂ ಇತ್ತು. ಎರಡನ್ನೂ ತೆಗೆಯಲಿಲ್ಲ. ಫೋಟೊ ನೋಡುತ್ತ ಒಂದು ನಿಮಿಷ ನಿಂತು, ಕೈ ಮುಗಿದು ಕೂತುಬಿಟ್ಟೆ.

"ಭಾಳ ಹಚ್ಚಿಕೊಂಡಿದ್ರು, ಪಾಪ. ಮಾತಽ ಹೊರಡಲಿಲ್ಲ ನೋಡ್ರಿ" ಎಂದು ಹಿಂದೆ ಯಾರೋ ಅಂದರು. ಮಾಲಕರು ನನ್ನ ಭುಜ ತಟ್ಟಿದರು.

ನಾನು ಖಾಲಿ ಬಿಟ್ಟ ಜಾಗವನ್ನು ಅವರು ತಮಗೆ ತೋಚಿದಂತೆ ಓದಿಕೊಂಡರು. ಹಾಗೆ ಓದಿಕೊಳ್ಳುವುದು ಎಂಥ ಅಪಾಯದ ಕೆಲಸ ಎಂದು ನನಗೆ ಕಲಿಸಿದವರು ಆ ಫೋಟೊದಲ್ಲಿದ್ದವರೇ.

ಅವರು ದಿನಾ ಕುಕನೂರಿನಿಂದ ಬಸ್ಸಿನಲ್ಲಿ ಕೊಪ್ಪಳಕ್ಕೆ ಬರುತ್ತಿದ್ದರು. ಬಲಗಿಸೆಯಲ್ಲಿ ಹುರಿದ ಶೇಂಗಾ, ಎಡಗಿಸೆಯಲ್ಲಿ ಅದರ ಸಿಪ್ಪೆ. ಎಡಗಿಸೆ ತುಂಬಿದರೆ ಸಿಪ್ಪೆ ನನ್ನ ಡ್ರಾಯರಿಗೆ. ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡುತ್ತಿದ್ದರು. ಧೂಳಿಗೆ ಅಂಜಿ ಬಿಡುತ್ತಾರೆ ಎಂದು ನಾನು ತಿಳಿದಿದ್ದೆ. ಒಮ್ಮೆ ಕೇಳಿದರೆ, "ಮಂದಿ ತಮ್ಮ ಬೀಜದ್ದು ಏನಾತು ಅಂತ ಕೇಳಾಕ ಬರೂ ಜಾಗಾ ಇದು. ಚಪ್ಪಲಿ ಹಾಕ್ಕೊಂಡು ಹೋಗತಾರೇನು?" ಅಂದರು. ಅಂದಿನಿಂದ ನಾನೂ ಬಿಡತೊಡಗಿದೆ. ನನ್ನವು ಎರಡು ಜೊತೆ ಕಳುವಾದವು. ಅವರವು ಒಮ್ಮೆಯೂ ಆಗಲಿಲ್ಲ.

ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ತಪ್ಪಾದ್ರ ನಿನಗ ನಿದ್ದಿ ಬರತೈತೇನು?"

"ಇಲ್ರಿ ಸರ. ತಪ್ಪು ಆಗದಿದ್ರೂ ಬರೂದಿಲ್ಲ."

ಅವರು ಶೇಂಗಾ ಮುಂದೆ ಹಿಡಿದರು. "ನಾಳಿಂದ ಬಾ, ತಮ್ಮ."

ನನ್ನ ಪ್ರಾಮಾಣಿಕತೆ ಅವರಿಗೆ ಮೆಚ್ಚುಗೆಯಾಯಿತು ಎಂದು ಬಹಳ ವರ್ಷ ಹೆಮ್ಮೆಪಟ್ಟಿದ್ದೆ. ಈಗ ಅದೇ ಮಾತನ್ನು ನೆನೆದರೆ, ದನದ ಸಂತೆಯಲ್ಲಿ ಹಲ್ಲು ಎಣಿಸಿ ನೋಡಿ ಹಗ್ಗ ಹಿಡಿದಂತೆ ಕಾಣುತ್ತದೆ.

ಕಂಪ್ಯೂಟರ್ ಪ್ರೋಗ್ರಾಮ್ ಬರೆದುಕೊಡುವ ನಮ್ಮ ಸಣ್ಣ ಆಫೀಸಿನ ದೊಡ್ಡ ಗಿರಾಕಿ ಒಂದು ಬೀಜದ ಕಂಪನಿ. ಕುಷ್ಟಗಿ, ಯಲಬುರ್ಗಾ ಕಡೆಯ ರೈತರಿಂದ ಅದು ತರಕಾರಿಯ ಬೀಜ ಬೆಳೆಸುತ್ತದೆ. ಒಬ್ಬೊಬ್ಬರ ಬೀಜವೂ ಒಂದೊಂದು ಲಾಟು. ಪ್ರತಿ ಲಾಟಿನ ಮಾದರಿ ಪರೀಕ್ಷೆಗೆ ಹೋಗುತ್ತದೆ, ಪಾಸೋ ಫೇಲೋ ಎಂಬ ಫಲಿತಾಂಶ ಕಂಪ್ಯೂಟರಿನ ಪುಟದಲ್ಲಿ ಬರುತ್ತದೆ, ಕುಷ್ಟಗಿ ಕೇಂದ್ರದ ಕಾರಕೂನ ಅದನ್ನು ನೋಡಿ ರೈತರಿಗೆ ಹೇಳುತ್ತಾನೆ, ಪಾಸಾದ ಬೀಜವನ್ನೆಲ್ಲ ಒಂದು ರಾಶಿಗೆ ಸೇರಿಸುತ್ತಾನೆ. ಆ ಪುಟಗಳನ್ನೆಲ್ಲ ಬರೆದವರು ಸರ್. ಆಗಿನ ಕಾಲಕ್ಕೆ ಹೊಸದಾಗಿದ್ದ ಸ್ಟ್ರಟ್ಸ್ ಎಂಬ ಚೌಕಟ್ಟಿನಲ್ಲಿ.

ಇದನ್ನು ನನ್ನ ಹೆಂಡತಿಗೆ ವಿವರಿಸಿದ ಹಾಗೆಯೇ ಇಲ್ಲಿಯೂ ವಿವರಿಸುತ್ತೇನೆ. ಅವಳಿಗೆ ಅರ್ಥವಾಗಿತ್ತು, ಆಸಕ್ತಿ ಮಾತ್ರ ಬರಲಿಲ್ಲ. ಪುಟ ಎಂದರೆ ಅಲ್ಲಲ್ಲಿ ಖಾಲಿ ಜಾಗ ಬಿಟ್ಟ ಅರ್ಜಿಯ ನಮೂನೆ. ಒಂದೊಂದು ಖಾಲಿ ಜಾಗಕ್ಕೂ ಒಂದು ಟ್ಯಾಗು ಕಾವಲು. ಯಾರಾದರೂ ಪುಟ ತೆರೆದ ಕೂಡಲೇ ಈ ಟ್ಯಾಗು, ಜವಾನನ ಹಾಗೆ, ಒಳಗೆ ಓಡಿಹೋಗಿ ಬೇಕಾದ ಮಾಹಿತಿ ತಂದು ಖಾಲಿ ಜಾಗ ತುಂಬುತ್ತದೆ. ಸ್ಟ್ರಟ್ಸಿನಲ್ಲಿ ಈ ಜವಾನನ ಹೆಸರು 'ಬೀನ್ ರೈಟ್', ಕಾಳು ಬರೆ ಎಂದಂತೆ. "ಬೀಜದ ಕಂಪನಿಯವರು ಬೀನ್ ಬರೀದಽ ಇನ್ನೇನ ಬರಿಯೂದು" ಎಂದು ಸರ್ ಮೊದಲ ದಿನ ನಗಿಸಿದ್ದರು. ಆಮೇಲೆ ಪ್ರತಿ ಹೊಸಬನಿಗೂ ಅದೇ ಮಾತು ಹೇಳಿದರು. ಪ್ರತಿ ಸಲವೂ ನಾನು ನಕ್ಕೆ.

ಈ ಹಳೆಯ ಜವಾನ ಒರಟ. ತರಲು ಹೇಳಿದ ಗಂಟು ಒಳಗೆ ಇಲ್ಲದಿದ್ದರೆ ಅವನು ಸುಮ್ಮನೆ ಹಿಂದಿರುಗುವವನಲ್ಲ. ಇಡೀ ಪುಟವನ್ನೇ ನಿಲ್ಲಿಸಿ, ಪರದೆಯ ತುಂಬ ಕೂಗಾಡಿಬಿಡುತ್ತಿದ್ದ. ಕಾರಕೂನ ಗಾಬರಿಯಾಗಿ ನಮಗೆ ಫೋನ್ ಮಾಡುತ್ತಿದ್ದ. ಸರ್ ಅವರಿಗೆ ಅದು ಭಾಳ ಇಷ್ಟ. "ಇಲ್ಲದ್ದು ಇಲ್ಲ ಅಂತ ಒದರಬೇಕು ತಮ್ಮ. ಒದರಿದ್ರ ಮಂದಿ ನಿಂದರತಾರ, ಕೇಳತಾರ" ಎನ್ನುತ್ತಿದ್ದರು. ಕೂಗಾಡದಂತೆ ಅವನ ಬಾಯಿಗೆ ಬಟ್ಟೆ ತುರುಕುವ ಉಪಾಯವೂ ಇತ್ತು. ಟ್ಯಾಗಿನ ಪಕ್ಕ 'ಇಗ್ನೋರ್' ಎಂಬ ಒಂದು ಮಾತು ಸೇರಿಸಿದರೆ ಸಾಕು, ಇಲ್ಲದ್ದನ್ನು ಇಲ್ಲ ಎನ್ನದೆ ಜಾಗ ಖಾಲಿ ಬಿಟ್ಟು ಬರುತ್ತಿದ್ದ. ನಮ್ಮ ಆಫೀಸಿನಲ್ಲಿ ಆ ಮಾತು ನಿಷಿದ್ಧ. ಅದು ಬೈಗುಳವಾಗಿಯೇ ಚಾಲ್ತಿಯಲ್ಲಿತ್ತು. ಯಾರಾದರೂ ಕರೆದದ್ದು ಕೇಳಿಸದಂತೆ ಹೋದರೆ, "ಏನಲೇ, ಇಗ್ನೋರ್ ಹಾಕ್ಕೊಂಡೀಯೇನು?" ಎನ್ನುತ್ತಿದ್ದರು ಸರ್.

ಪುಟದಲ್ಲಿ ಬರುವ ಮಾತುಗಳನ್ನೂ ಅವರೇ ಬರೆದಿದ್ದರು. ಒಮ್ಮೆ ಕಂಪನಿಯ ದೊಡ್ಡ ಅಧಿಕಾರಿ ಬಂದು, "'ಸ್ವಲ್ಪ ನಿಂದ್ರಿ' ಅಂತ ಇದೆಯಲ್ಲ, ಇದನ್ನು 'ದಯವಿಟ್ಟು ನಿರೀಕ್ಷಿಸಿ' ಎಂದು ಮಾಡಿ" ಎಂದ. ಸರ್ ಕನ್ನಡಕ ತೆಗೆದರು. "ನಿರೀಕ್ಷಿಸಿ ಅಂದ್ರ ನಮ್ಮ ಮಂದಿ ಮನಿಗೆ ಹೋಗತಾರ್ರಿ. ನಿಂದ್ರಿ ಅಂದ್ರ ನಿಂದರತಾರ." ಅಧಿಕಾರಿ ಹೋದ. ನಿಂದ್ರಿ ಉಳಿಯಿತು.

ಅವರ ಇನ್ನೊಂದು ಕಾಯಿದೆ: ಬರೆದ ಸಾಲನ್ನು ಅಳಿಸಬಾರದು. ಬದಲಾಯಿಸಬೇಕಾದರೆ ಹಳೆಯ ಸಾಲನ್ನು ಟಿಪ್ಪಣಿಯ ಗುರುತಿನೊಳಗೆ ಸುತ್ತಿಟ್ಟು, ಮೇಲೆ ನಿಮ್ಮ ಹೆಸರಿನ ಮೊದಲಕ್ಷರ, ವಾರ, ಕಾರಣ ಬರೆದು, ಕೆಳಗೆ ಹೊಸ ಸಾಲು ಬರೆಯಬೇಕು. ಆ ಟಿಪ್ಪಣಿ ಪುಟ ನೋಡುವವರಿಗೆ ಕಾಣುವುದಿಲ್ಲ, ಫೈಲು ತೆರೆದವರಿಗೆ ಮಾತ್ರ ಕಾಣುತ್ತದೆ. ಅವರು ತಾರೀಖು ಬರೆಯುತ್ತಿರಲಿಲ್ಲ, ವಾರ ಮಾತ್ರ.

"ಯಾವ ಮಂಗಳವಾರ್ರಿ ಇದು, ಸರ?" ಎಂದರೆ, "ಬರದಾಗ ಇದ್ದದ್ದು" ಎನ್ನುವರು.

ಹದಿನಾಲ್ಕು ವರ್ಷದ ಹಿಂದಿನ ಮಾತು. ಮೆಣಸಿನಕಾಯಿ ಬೀಜದ ಹಂಗಾಮು. ಎಂಟು ಲಾಟುಗಳ ಫಲಿತಾಂಶ ಪರೀಕ್ಷಾ ಕೇಂದ್ರದಿಂದ ಇನ್ನೂ ಬಂದಿರಲಿಲ್ಲ. ಪುಟ ಕೂಗಾಡಿ ನಿಲ್ಲಬೇಕಾಗಿತ್ತು. ಕೂಗಲಿಲ್ಲ. ಆ ಎಂಟರ ಮುಂದೆ ಜಾಗ ಖಾಲಿ ಬಿಟ್ಟು, ಸೌಮ್ಯವಾಗಿ ತೆರೆದುಕೊಂಡಿತು. ಕುಷ್ಟಗಿಯ ಕಾರಕೂನ ಮೊದಲು ಬಹಳ ವರ್ಷ ತಹಶೀಲ್ದಾರ್ ಕಚೇರಿಯ ಮುಂದೆ ಕೂತು ಜಮೀನಿನ ಅರ್ಜಿ ಬರೆಯುತ್ತಿದ್ದವನು. ಅಲ್ಲಿ ಹೊಲ ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋಗುವಾಗ ತಕರಾರು ಎಂದೊಂದು ಖಾನೆ. ಅದು ಖಾಲಿ ಇದ್ದರೆ ಕೆಲಸ ಆದಂತೆ. ಅವನು ಆ ಕಣ್ಣಿನಿಂದಲೇ ನಮ್ಮ ಪುಟ ನೋಡಿದ. ಆಮೇಲೆ ಅವನನ್ನು ಕೇಳಿದಾಗ ನಿಜವಾದ ಅಚ್ಚರಿಯಿಂದ ಹೇಳಿದ: "ಖಾನೆ ಖಾಲಿ ಐತಿ ಅಂದ್ರ ತಕರಾರಿಲ್ಲ ಅಂತ ಅಲ್ಲೇನ್ರಿ?"

ತಕರಾರಿಲ್ಲದ ಎಂಟು ಲಾಟನ್ನು ಪಾಸಾದವರ ರಾಶಿಗೆ ಸುರಿಸಿದ. ನಾಲ್ಕು ದಿನದ ಮೇಲೆ ಫಲಿತಾಂಶ ಬಂತು. ಎಂಟರಲ್ಲಿ ಮೂರು ಫೇಲು. ಬೀಜ ಬೀಜದಲ್ಲಿ ಕಲೆತ ಮೇಲೆ ಯಾರದು ಯಾವುದು ಎಂದು ದೇವರಿಗೂ ಆರಿಸಲು ಬಾರದು. ಕಂಪನಿ ಇಡೀ ರಾಶಿಯನ್ನೇ ಬೇಡವೆಂದಿತು.

ಫೋನ್ ತೆಗೆದುಕೊಂಡವರು ಸರ್. "ಹೂಂ, ಹೂಂ" ಎಂದು ಕೇಳಿ ಕೆಳಗಿಟ್ಟು, "ಎಂಟು ಖಾಲಿ ಇದ್ರೂ ಪೇಜ್ ಒದರಿಲ್ಲಂತ" ಎಂದಷ್ಟೇ ಹೇಳಿ, ಆ ಪುಟದ ಫೈಲು ತೆರೆದು ಕೂತರು. ನಾನು ಹಿಂದಿನ ವಾರವಷ್ಟೇ ಆ ಪುಟಕ್ಕೆ ಊರಿನ ಹೆಸರಿನ ಕಾಲಂ ಸೇರಿಸಿದ್ದೆ. ಬಾಗಿಲಲ್ಲೇ ನಿಂತು ಕೇಳಿದೆ:

"ಸರ, ಇಗ್ನೋರ್ ನನ್ನ ಕೈಲೆನಽ ಬಿದ್ದಿರಬೇಕಲ್ರಿ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒಂದು ಗಾಜು, ಇನ್ನೊಂದು ಗಾಜು, ಮತ್ತೆ ಮೊದಲಿನದು. ಹಾಕಿಕೊಂಡು, ಫೈಲು ಮುಚ್ಚಿದರು.

"ಇನ್ನಮ್ಯಾಲ ಈ ಪೇಜ್ ನೀ ಮುಟ್ಟಬ್ಯಾಡ. ನಾ ನೋಡಿಕೊಂತೀನಿ."

ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಬೈಯಲಿಲ್ಲ, ಹೌದು ಎಂದು ಸಹ ಅನ್ನಲಿಲ್ಲ, ನನ್ನ ಮಾನ ಉಳಿಸಿದರು. ಆ ಸಂಜೆ ಮನೆಗೆ ಹೋಗುವಾಗ ನನಗೆ ಆ ಮಾತನ್ನು ನಾನೇ ಟೈಪು ಮಾಡಿದ್ದು ನೆನಪೂ ಆಯಿತು. ಯಾವ ಬೆರಳಿನಿಂದ ಎಂಬುದೂ. ಚಿಂತೆ ಮಾಡುವವನ ನೆನಪಿನ ಶಕ್ತಿ ಅಂಥದು, ನಡೆಯದಿದ್ದದ್ದೂ ಅಕ್ಷರ ಸಮೇತ ನೆನಪಿರುತ್ತದೆ. ಸೋಮವಾರ ಮಾಲಕರು ಕೇಳುವ ಮೊದಲೇ ಅವರ ಮುಂದೆ ಹೋಗಿ ಒಪ್ಪಿಕೊಂಡೆ.

ಎರಡು ದಿನ ಬಿಟ್ಟು ಕುಷ್ಟಗಿ ಕಡೆಯ ಹಳ್ಳಿಯಿಂದ ಹಣಮವ್ವ ಎಂಬ ಹೆಣ್ಣುಮಗಳು ಆಫೀಸು ಹುಡುಕಿಕೊಂಡು ಬಂದಳು. ಪಾಸಾಗಿದ್ದ ಲಾಟು ಅವಳದು. ಜಗಳಕ್ಕೆ ಬಂದವಳಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಸೆರಗಿನ ಗಂಟು ಬಿಚ್ಚಿ, ಒಂದು ಹಿಡಿ ಬೀಜ ನನ್ನ ಮೇಜಿನ ಮೇಲೆ ಸುರಿದಳು.

"ನೋಡ್ರಿಯಪಾ. ಒಂದೊಂದ ಹೂವಿಗೂ ಕೈಲೆ ಪುಡಿ ಮುಟ್ಟಿಸಿ ಕ್ರಾಸಿಂಗ್ ಮಾಡಿ, ಗುರುತಿಗೆ ನೂಲು ಕಟ್ಟೀನಿ. ನನ್ನ ಬೀಜದಾಗ ಏನ್ ತಪ್ಪೈತಿ?"

"ನಿಮ್ಮ ಬೀಜದಾಗ ಏನೂ ತಪ್ಪಿಲ್ಲವ್ವಾ. ತಪ್ಪು ನಂದು."

"ನಿಮಗೇನ ನಾ ಅನ್ಯಾಯ ಮಾಡಿದ್ನೇನು?"

"ಇಲ್ಲವ್ವಾ."

"ಮತ್ತ ಯಾಕ ಮಾಡಿದ್ರಿ?"

ಅದಕ್ಕೆ ಉತ್ತರ ನನ್ನ ಬಳಿ ಇರಲು ಸಾಧ್ಯವೇ ಇರಲಿಲ್ಲ ಎಂದು ಈಗ ಗೊತ್ತು. ಸರ್ ಅಲ್ಲೇ ಕಿಟಕಿಯ ಹತ್ತಿರ ನಿಂತಿದ್ದರು, ಕೈಯಲ್ಲಿ ಚಹಾದ ಬಟ್ಟಲು. ಬಟ್ಟಲೊಳಗೆ ನೋಡುತ್ತಿದ್ದರು. ಹಣಮವ್ವ ಬೀಜವನ್ನು ಒಂದೂ ಬಿಡದೆ ಆರಿಸಿ ಗಂಟು ಕಟ್ಟಿಕೊಂಡು ಹೋದಳು. ಮೇಜಿನ ಸಂದಿಯಲ್ಲಿ ಸಿಕ್ಕಿಕೊಂಡ ಎರಡು ಬೀಜ ನನಗೆ ಆಮೇಲೆ ಕಂಡವು. ಅವನ್ನು ಏನು ಮಾಡಬೇಕೋ ತಿಳಿಯದೆ ಬಹಳ ದಿನ ಅಲ್ಲೇ ಬಿಟ್ಟಿದ್ದೆ.

ಆ ವರ್ಷ ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಕೆಲಸಕ್ಕೆಂದು ಹೊಸ ಆಫೀಸು ತೆರೆಯುವುದಿತ್ತು, ಅದನ್ನು ನನಗೆ ಒಪ್ಪಿಸುವ ಮಾತಿತ್ತು. ನಾನೇ ಬೇಡ ಎಂದೆ. ಒಂದು ಪುಟ ನೆಟ್ಟಗೆ ಕಾಯಲಾಗದವನಿಗೆ ಒಂದು ಆಫೀಸು ಯಾಕೆ? ಸರ್ ಅವರಿಗೆ ಹೇಳಿದಾಗ ಸ್ವಲ್ಪ ಹೊತ್ತು ಶೇಂಗಾ ಸುಲಿದರು. "ಬ್ಯಾಡಂದ್ರ ಬಿಡು. ಒತ್ತಾಯಿಲ್ಲ" ಅಂದರು. ನನ್ನ ಮನಸ್ಸು ಅರಿತವರು ಅವರೊಬ್ಬರೇ ಎಂದು ಅಂದು ಕಣ್ಣು ತುಂಬಿದ್ದವು.

ಆಮೇಲಿನ ನನ್ನ ಜೀವನವನ್ನು ಆ ಒಂದು ಪುಟವನ್ನು ತಪ್ಪಿಸಿಕೊಂಡು ಹೋಗುತ್ತಲೇ ಕಳೆದೆ. ಒಮ್ಮೆ ಜಾರಿ ಬಿದ್ದ ಓಣಿಯನ್ನು ಬಿಟ್ಟು ಸುತ್ತು ಹಾಕಿ ಹೋಗುವವರು ಇರುತ್ತಾರಲ್ಲ, ಹಾಗೆ. ಅದರಲ್ಲಿ ಏನಾದರೂ ಬದಲಾವಣೆ ಬಂದರೆ ಸರ್ ಮಾಡುತ್ತಿದ್ದರು. ಅವರು ನಿವೃತ್ತರಾದ ಮೇಲೆ ಕೈಕೆಳಗಿನವರಿಗೆ ಕೊಡುತ್ತಿದ್ದೆ, "ಬರೇ ಕೆಳಗಿನ ಕಾಲಂ ನೋಡ್ರಿ, ಮ್ಯಾಲಿಂದು ಮುಟ್ಟಬ್ಯಾಡ್ರಿ" ಎಂದು ಎಚ್ಚರಿಸಿ. ಬೇರೆ ಯಾವ ಪುಟ ಬರೆದರೂ ಮೂರು ಸಲ ಉಳಿಸಿ, ಮೂರು ಸಲ ತೆರೆದು ನೋಡುವ ಚಟ ಅಂಟಿತು. ಪ್ರತಿ ದಸರೆಗೆ ಬನ್ನಿ ಎಲೆ ಹಿಡಿದುಕೊಂಡು ಕುಕನೂರಿಗೆ ಹೋಗಿ, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಸರ" ಎಂದು ಅವರ ಕಾಲು ಮುಟ್ಟುತ್ತಿದ್ದೆ. ಬೇರೆಯವರಾಗಿದ್ದರೆ ನನ್ನನ್ನು ಅಂದೇ ಹೊರಗೆ ಹಾಕುತ್ತಿದ್ದರು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಹದಿಮೂರು ದಸರೆ ಹೀಗೆ.

ಕಳೆದ ವರ್ಷ ಬೀಜದ ಕಂಪನಿ ತನ್ನ ಯಂತ್ರಗಳನ್ನೆಲ್ಲ ಬದಲಾಯಿಸಿತು. ಹೊಸ ಯಂತ್ರಕ್ಕೆ ಸ್ಟ್ರಟ್ಸ್ ಟ್ಯಾಗು ಆಗಿಬರುವುದಿಲ್ಲ, ಎಲ್ಲ ಪುಟಗಳಲ್ಲೂ ಈಗ ಎಲ್ಲೆಡೆ ನಡೆಯುವ ಸ್ಟ್ಯಾಂಡರ್ಡ್ ಟ್ಯಾಗು ಹಾಕಿಕೊಡಿ ಎಂದಿತು. ಇನ್ನೂರು ಚಿಲ್ಲರೆ ಪುಟ. ಹಳೆಯ ಜವಾನರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸಿ ಅವರ ಜಾಗಕ್ಕೆ ಹೊಸಬರನ್ನು ನಿಲ್ಲಿಸುವ ಕೆಲಸ. ಐವತ್ತರ ಹತ್ತಿರ ಬಂದವನಿಗೆ ಇಂಥ ಕೆಲಸ ಕೊಟ್ಟರೆ ಅವನು ಜವಾನರ ಬಗ್ಗೆ ಮಾತ್ರ ಚಿಂತಿಸುವುದಿಲ್ಲ. ಮಾಲಕರು, "ಅಂದಂಗ, ಒಳಗಿನ ಹಳೇ ಟಿಪ್ಪಣಿ ಎಲ್ಲಾ ತಗದಬಿಡ್ರಿ. ಕಸ" ಎಂದೂ ಹೇಳಿದರು.

ಅಡಚಣೆ ಬಂದಾಗಲೆಲ್ಲ ಕುಕನೂರಿಗೆ ಫೋನ್ ಮಾಡುತ್ತಿದ್ದೆ. ಹೊಸ ಟ್ಯಾಗಿನ ಸ್ವಭಾವ ಅವರಿಗೆ ಆಗಲೇ ಗೊತ್ತಿತ್ತು.

"ಹೊಸಾವು ಭಾಳ ಸಭ್ಯಸ್ಥ ಅದಾವು, ತಮ್ಮ. ಅದಽ ಅಂಜಿಕಿ. ಕೇಳಿದ್ದು ಒಳಗ ಇಲ್ಲಂದ್ರ ಒದರೂದಿಲ್ಲ, ಜಾಗ ಖಾಲಿ ಬಿಟ್ಟು ಸುಮ್ಮನ ಬರತಾವು."

"ಅಂದ್ರ ಎಲ್ಲಾ ಹುಟ್ಟಾ ಇಗ್ನೋರ್ ಹಾಕ್ಕೊಂಡಽ ಬಂದಾವು ಅನ್ರಿ."

ಆ ಕಡೆಯಿಂದ ನಗೆ ಬರಬೇಕಿತ್ತು. ಬರಲಿಲ್ಲ. "ನೀನಽ ಕೈಯಾರೆ ಬರೀಬೇಕು, ಇಲ್ಲದಿದ್ರ ಇಲ್ಲ ಅನ್ನು ಅಂತ" ಎಂದರು. ಕೊನೆಗೆ ಕೇಳಿದರು: "ಎಲ್ಲಾ ಪೇಜ್ ಆದುವೇನು?"

"ಒಂದು ಉಳದೈತ್ರಿ."

ಯಾವುದು ಎಂದು ಅವರು ಕೇಳಲಿಲ್ಲ.

ಎರಡು ದಿನದ ಮೇಲೆ ಆ ಫೈಲು ತೆರೆದೆ. ಹಗಲು ಹನ್ನೊಂದು ಗಂಟೆ, ಚಹಾ ಬಂದಿತ್ತು. ಮೇಲಿಂದ ಓದುತ್ತ ಬಂದೆ. ಫಲಿತಾಂಶದ ಖಾನೆಯ ಹತ್ತಿರ, ಟಿಪ್ಪಣಿಯ ಗುರುತಿನೊಳಗೆ ಸುತ್ತಿಟ್ಟ ಹಳೆಯ ಸಾಲು. ಅದರಲ್ಲಿ ಆ ಮಾತು. ಮೇಲೆ ಸರ್ ಅವರ ಹೆಸರಿನ ಮೊದಲಕ್ಷರ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ: "ಮಂಗಳವಾರ. ದೊಡ್ಡ ಸಾಹೇಬ್ರು ಪೇಜ್ ನೋಡಾಕ ಬರ್ತಾರ. ನಡುವ ನಿಲ್ಲಬಾರದು. ಇಗ್ನೋರ್ ಹಾಕೀನಿ. ನಾಳೆ ತಗೀಬೇಕು." ಅದರ ಕೆಳಗೆ ಮತ್ತೊಂದು ಸಾಲು, ಅದೇ ಅಕ್ಷರ: "ಶನಿವಾರ. ತಗದೆ. ತಡಾ ಆತು."

ನನ್ನ ಹೆಸರಿನ ಅಕ್ಷರ ಎಲ್ಲೂ ಇರಲಿಲ್ಲ. ಕೆಳಗೆ, ಊರಿನ ಹೆಸರಿನ ಕಾಲಮಿನ ಮೇಲೆ ಇತ್ತು, ಅಷ್ಟೇ. ಫಲಿತಾಂಶದ ಖಾನೆಯನ್ನು ನಾನು ಮುಟ್ಟಿಯೇ ಇರಲಿಲ್ಲ.

ಇಗ್ನೋರ್ ಬೈಗುಳ ಎಂದು ಕಲಿಸಿದವರು ಸಾಹೇಬರ ಮುಂದೆ ಪುಟ ಕೂಗಾಡಿದರೆ ಅವಮಾನ ಎಂದು ಅದನ್ನು ಹಾಕಿದ್ದರು. ತೆಗೆಯಲು ಮರೆತಿದ್ದರು. ಮರೆಯುವುದು ತಪ್ಪಲ್ಲ, ನಾನು ದಿನಾ ಹೆಲ್ಮೆಟ್ ಮರೆಯುತ್ತೇನೆ. ಆದರೆ ಆ ಶನಿವಾರ ನಾನು ಬಾಗಿಲಲ್ಲಿ ನಿಂತು ಕೇಳಿದಾಗ ಅವರ ಕಣ್ಣ ಮುಂದೆ ಪರದೆಯಲ್ಲಿ ಇದ್ದದ್ದು ಇದೇ ಮೊದಲಕ್ಷರ. ಕನ್ನಡಕ ಒರೆಸುವಷ್ಟು ಹೊತ್ತು ಅವರಿಗೆ ಸಮಯ ಇತ್ತು. ಮುಟ್ಟಬ್ಯಾಡ ಅಂದದ್ದು ನನ್ನ ಮಾನಕ್ಕಾಗಿ ಅಲ್ಲ.

ಪುಟವನ್ನು ಕಾಗದದ ಮೇಲೆ ಪ್ರಿಂಟು ತೆಗೆದುಕೊಂಡು ಕುಕನೂರಿನ ಬಸ್ಸು ಹತ್ತಿದೆ. ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು.

"ಏನಪಾ, ದಸರಾ ಇನ್ನೂ ದೂರ ಐತಲ್ಲ?"

ಕಾಗದ ಕೊಟ್ಟೆ. ಕನ್ನಡಕ ಹಾಕಿಕೊಂಡು, ಯಾರೋ ಬರೆದದ್ದನ್ನು ಓದುವಂತೆ ಓದಿದರು.

"ಸರ, ಇದು ನಿಮ್ಮ ಸಾಲು."

"ಹೌದು. ಮ್ಯಾಲ ಅಕ್ಷರ ಐತಲ್ಲ."

"ಇಷ್ಟು ವರ್ಷ ನಾ ನಂದು ಅಂತ ತಿಳಕೊಂಡಿದ್ದೆ."

"ನಿಂದು ಅಂತ ನಾ ಅಂದಿದ್ನೇನು?"

ಯೋಚಿಸಿದೆ. "ಅಂದಿಲ್ರಿ."

"ಮತ್ತ?"

"ಅಲ್ಲ ಅಂತನೂ ಅನ್ನಲಿಲ್ಲಲ್ರಿ."

ಒಂದು ಶೇಂಗಾ ಒಡೆದರು. ತಿನ್ನಲಿಲ್ಲ. "ನಾ ಬಾಯಿ ತಗಿಯೂದ್ರೊಳಗ ನೀ ಒಪ್ಪಿಕೊಂಡಬಿಟ್ಟಿ. ಆಮ್ಯಾಲ ಮಾಲಕ್ರ ಮುಂದ ಒಪ್ಪಿಕೊಂಡಿ. ಆ ಹೆಣ್ಣಮಗಳ ಮುಂದನೂ ಒಪ್ಪಿಕೊಂಡಿ. ನೀ ಒಪ್ಪಿಕೊಂಡಂಗೆಲ್ಲಾ ನನಗ ಹೇಳೂದು ಕಠಿಣ ಆಕ್ಕೊಂತ ಹೋತು." ಶೇಂಗಾ ಕಟ್ಟೆಯ ಮೇಲಿಟ್ಟು, "ಆಮ್ಯಾಲ ಸರಳ ಆತು" ಎಂದರು.

ಕಾಗದವನ್ನು ನನ್ನ ಕಡೆ ತಿರುಗಿಸಿದರು.

"ಅಳಿಸಿಲ್ಲ ನೋಡು ನಾ. ಬರದಽ ಇಟ್ಟೀನಿ. ಇಷ್ಟು ವರ್ಷದಾಗ ಒಂದ ಸಲರ ತಗದು ನೋಡ್ತಿ ಅಂತ ಮಾಡಿದ್ದೆ."

"ಮುಟ್ಟಬ್ಯಾಡ ಅಂದವರು ನೀವಽ ಅಲ್ರಿ?"

"ನಾ ಅಂದದ್ದೆಲ್ಲಾ ಕೇಳತಿದ್ದೇನು ನೀ? ಶೇಂಗಾ ಸಿಪ್ಪಿ ಡ್ರಾದಾಗ ಹಾಕಬ್ಯಾಡ್ರಿ ಅಂತ ನನಗಽ ಜೋರು ಮಾಡತಿದ್ದಿ."

ಅವರು ನಕ್ಕರು. ನನ್ನ ಬಾಯಿಯೂ ತಾನಾಗಿ ನಕ್ಕುಬಿಟ್ಟಿತು. ಅವರು ಮಾಡಿದ್ದಕ್ಕಿಂತ, ಆ ಕ್ಷಣ ನಾನು ನಕ್ಕದ್ದೇ ನನ್ನನ್ನು ಇಂದಿಗೂ ಹೆಚ್ಚು ಸುಡುತ್ತದೆ. ಫೈಲಿಗೆ ಒಂದು ಸುಳ್ಳನ್ನೂ ಹೇಳದ ಮನುಷ್ಯ, ಪಕ್ಕದ ಕುರ್ಚಿಯಲ್ಲಿ ಕೂತವನಿಗೆ ಒಂದು ನಿಜ ಹೇಳಲಿಲ್ಲ. ಈಗಲೂ ತಪ್ಪಾಯಿತು ಎನ್ನುತ್ತಿಲ್ಲ.

ಸರ್ ಅವರ ಹೆಂಡತಿ, ವೈನಿಯವರು, ಊಟಕ್ಕೆ ನಿಲ್ಲಿಸಲು ನೋಡಿದರು. ಒಲ್ಲೆ ಎಂದಾಗ ಅಂಗಳದ ತುದಿಯವರೆಗೆ ಬಂದು, ತಗ್ಗಿದ ದನಿಯಲ್ಲಿ ಹೇಳಿದರು: "ಸಿಟ್ಟಾಗಬ್ಯಾಡಪಾ. ನೀ ಗಂಗಾವತಿ ಒಲ್ಲೆ ಅಂದಿ ನೋಡು, ಅವಾಗ ಇವ್ರು ಎರಡು ದಿನ ರೊಟ್ಟಿ ಮುಟ್ಟಿರ್ಲಿಲ್ಲ."

ಹಾಗಾದರೆ ಮನೆಯಲ್ಲಿಯೂ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬ. ಎರಡು ದಿನ ಎಂಬ ಮಾತು ಕೊಪ್ಪಳ ಮುಟ್ಟುವ ತನಕ ಕಿವಿಯಲ್ಲಿತ್ತು. ಹೊರಡುವಾಗ ಅವರ ಕಾಲು ಮುಟ್ಟಿರಲಿಲ್ಲ ಎಂಬುದು ಅರ್ಧ ದಾರಿಯಲ್ಲಿ ನೆನಪಾಗಿ, ರೂಢಿಯಂತೆ, ಅದಕ್ಕೂ ಚಿಂತೆಯಾಯಿತು.

ಆ ದಸರೆಗೆ ನಾನು ಹೋಗಲಿಲ್ಲ. ಅವರೂ ಫೋನ್ ಮಾಡಲಿಲ್ಲ. ಅವರು ನೊಂದಿದ್ದಾರೋ, ಮುನಿದಿದ್ದಾರೋ, ಹಗುರಾಗಿದ್ದಾರೋ ಎಂದು ಆ ಮೌನದಲ್ಲಿ ಏನನ್ನೂ ಓದಲು ಹೋಗಲಿಲ್ಲ. ಒಮ್ಮೆ ಓದಿ ಸಾಕಾಗಿತ್ತು. ಕೊನೆಯ ಪುಟವನ್ನೂ ಮುಗಿಸದೆ ಇಟ್ಟುಕೊಂಡಿದ್ದೆ. ಕಂಪನಿಯವರು ಕೇಳಿದರೆ ಏನೋ ಒಂದು ನೆಪ. ಟ್ಯಾಗು ಬದಲಿಸಲು ಹತ್ತು ನಿಮಿಷ ಬೇಕು. ಬದಲಿಸಿ ಟಿಪ್ಪಣಿ ಅಳಿಸಿದರೆ, ಆ ತಪ್ಪು ನನ್ನದಲ್ಲ ಎಂಬುದಕ್ಕೆ ಈ ಲೋಕದಲ್ಲಿ ಇದ್ದ ಒಂದೇ ಸಾಕ್ಷಿ ಹೋಯಿತು. ಅಳಿಸದಿದ್ದರೆ, ಅದನ್ನು ಇಟ್ಟುಕೊಂಡು ಯಾರಿಗೆ ತೋರಿಸಲಿ? ಅವರೇ ಒಂದು ದಿನ ಬಂದು ಮಾಲಕರಿಗೆ ಹೇಳುತ್ತಾರೆ ಎಂಬ ಆಸೆ ಎಲ್ಲೋ ಒಂದು ಕಡೆ ಇತ್ತು. ಅಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಸಭೆಯ ಮರುದಿನ ಚಪ್ಪಲಿ ಹೊರಗೆ ಬಿಟ್ಟು ಕೂತೆ. ಹಳೆಯ ಒರಟು ಜವಾನನನ್ನು ತೆಗೆದೆ. ಹೊಸ ಟ್ಯಾಗು ಹಾಕಿದೆ, ಅದು ಸುಮ್ಮನೆ ಬಾರದಂತೆ ಎರಡು ದಾರಿ ಬರೆದೆ: ಫಲಿತಾಂಶ ಇದ್ದರೆ ಅದನ್ನು ತೋರಿಸು, ಇಲ್ಲದಿದ್ದರೆ ಹೀಗೆನ್ನು. "ಇನ್ನೂ ಬಂದಿಲ್ಲ. ನಿಂದ್ರಿ." ನಿಂದ್ರಿ ಎಂಬುದು ಅವರದೇ ಮಾತು. ಅದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ.

ಟಿಪ್ಪಣಿಯನ್ನು ಅಳಿಸಲಿಲ್ಲ. ಇನ್ನೂರು ಪುಟಗಳಲ್ಲಿ ಈ ಒಂದು ಕಸ ಇರಲಿ. ಹಣಮವ್ವನಿಗೆ ಹೋಗಿ ಹೇಳಬೇಕೆಂದು ಹಲವು ಸಲ ಅನ್ನಿಸಿದೆ. ಹೇಳಿದರೆ ಅವಳು "ಹಂಗಾರ ಯಾರದ್ರಿ?" ಎಂದು ಕೇಳುತ್ತಾಳೆ. ಆ ಹೆಸರು ನನ್ನ ಬಾಯಿಂದ ಇನ್ನೂ ಹೊರಡುವುದಿಲ್ಲ. ಈ ಬರಹದಲ್ಲಿಯೂ ಹೊರಡಲಿಲ್ಲ. ಅದು ಗೌರವವೋ ಸೇಡೋ ನನಗೇ ಗೊತ್ತಿಲ್ಲ.

"ತಗದೆ. ತಡಾ ಆತು" ಎಂಬ ಸಾಲಿನ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಇತ್ತು. ಅಲ್ಲಿ ನನ್ನ ಹೆಸರಿನ ಮೊದಲಕ್ಷರ ಬರೆದೆ. ವಾರ ಬರೆದೆ, ಅದರ ಮುಂದೆ ತಾರೀಖೂ ಬರೆದೆ. ಆಮೇಲೆ ಕನ್ನಡ ಅಕ್ಷರದಲ್ಲಿಯೇ: "ತಕರಾರು ಇದೆ. ಮೇಲಿನ ಸಾಲು ನನ್ನದಲ್ಲ."

ಉಳಿಸಿದೆ, ಬಾಗಿಲು ಹಾಕಿದೆ, ಮನೆಗೆ ಹೊರಟೆ. ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಸ್ಕೂಟರ್ ತಿರುಗಿಸಿಕೊಂಡು ಮತ್ತೆ ಬಂದು, ಅದು ಉಳಿದಿದೆಯೋ ಇಲ್ಲವೋ ಎಂದು ತೆರೆದು ನೋಡಿದೆ. ಉಳಿದಿತ್ತು.